ನಮ್ಮ ತಮ್ಮ ಮಸ್ಕತ್ತಿನಲ್ಲಿದ್ದಾನೆ

ಬೈಲಹೊಂಗಲ

ಕೈದಿಗಳ ಮನಸ್ಸನ್ನು ನೆಮ್ಮದಿಯಾಗಿ ಇಡುವುದು ಹೇಗೆ ಎಂದು ನೋಡಿ ಬರಲು ನಾನು ಫಿನ್‌ಲ್ಯಾಂಡಿಗೆ ಹೋಗಿದ್ದೆ. ಹೊರಡುವ ಮೊದಲು ಈ ಸುದ್ದಿಯನ್ನು ನಮ್ಮ ಬಸ್ ಸ್ಟ್ಯಾಂಡಿನ ಚಹದಂಗಡಿಯವನಿಗೆ ಹೇಳಿದಾಗ ಅವನು ಗ್ಲಾಸು ತೊಳೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಅಲ್ರಿ ಸರ, ಇಲ್ಲಿ ಹೊರಗ ಇದ್ದಾವ್ರ ಮನಸ ನೆಟ್ಟಗಿಲ್ಲ. ಒಳಗ ಇದ್ದಾವ್ರದು ನೋಡಾಕ ಅಷ್ಟ ದೂರ ಹೋಗಬೇಕೇನ್ರಿ?"

ನಾನು ನಕ್ಕುಬಿಟ್ಟೆ. ಅವನಿಗೆ ಉತ್ತರ ಕೊಡುವಷ್ಟು ಮನಃಶಾಸ್ತ್ರ ನನಗೆ ಬರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ. ಇಲ್ಲಿನ ಕಾಲೇಜೊಂದರಲ್ಲಿ ಅದೇ ವಿಷಯವನ್ನು ಇಪ್ಪತ್ತೆರಡು ವರ್ಷಗಳಿಂದ ಕಲಿಸುತ್ತಿದ್ದೇನೆ. ಜೊತೆಗೆ ತಿಂಗಳಿಗೊಮ್ಮೆ ಹತ್ತಿರದ ಒಂದು ಸಣ್ಣ ಜೈಲಿಗೆ ಹೋಗಿ ವಿಚಾರಣಾಧೀನ ಕೈದಿಗಳಿಗೆ ಉಪನ್ಯಾಸ ಕೊಡುತ್ತೇನೆ. 'ಏಕಾಂತದ ಸದುಪಯೋಗ', 'ನಗುವೇ ಔಷಧ', 'ಕುಟುಂಬವೇ ಬಲ' ಇವು ನನ್ನ ಹೆಸರಾಂತ ವಿಷಯಗಳು. ಕೈದಿಗಳು ತಪ್ಪದೆ ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ನನ್ನ ಉಪನ್ಯಾಸವಿದ್ದ ದಿನ ಒಂದು ಬಾಳೆಹಣ್ಣು ಹೆಚ್ಚಿಗೆ ಸಿಗುತ್ತದೆ. ಕೊನೆಗೆ ಒಂದು ಪ್ರಶ್ನಾವಳಿ ಹಂಚುತ್ತೇನೆ. 'ನೀವು ಸಂತೋಷವಾಗಿದ್ದೀರಾ? ಬಹಳ, ಸ್ವಲ್ಪ, ಇಲ್ಲವೇ ಇಲ್ಲ.' ಒಬ್ಬ ಮುದುಕ ಮೂರಕ್ಕೂ ಗುರುತು ಹಾಕಿ ಕೊಟ್ಟಿದ್ದ. ಯಾಕೆ ಎಂದರೆ, "ಯಾವದ ಬೇಕೋ ಅದನ್ನ ಇಟಗೋರಿ ಸರ, ನಿಮಗ ಉಪಯೋಗ ಆಗ್ಲಿ" ಎಂದ.

ಇಷ್ಟು ಸೇವೆ ಮಾಡಿದ ನನ್ನನ್ನು ಸ್ವಯಂಸೇವಾ ಸಂಸ್ಥೆಯೊಂದು ಹತ್ತು ದಿನಗಳ ಪ್ರವಾಸಕ್ಕೆ ಆರಿಸಿತು. ಜೊತೆಗೆ ಸವದತ್ತಿಯ ಸಣಮನಿ ಸಾಹೇಬರು. ಜೈಲರ್ ಆಗಿದ್ದು ಹಿಂದಿನ ವರ್ಷ ನಿವೃತ್ತರಾದವರು. ಊರೂರು ಜೈಲು ತಿರುಗಿದವರು ಎಂದು ಕೇಳಿದಾಗ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಯಾವ ಯಾವ ಜೈಲು ಎಂದು ಕೇಳುವ ಧೈರ್ಯ ಆಗಲಿಲ್ಲ.

ಧಸಕ್ಕೆನ್ನಲು ಕಾರಣ ನಮ್ಮ ಕಾಕಾನ ಮಗ ಶಿವಾನಂದ. ಅವನು ನಾಲ್ಕು ತಾಸಿನ ಹಾದಿಯ ಒಂದು ಜೈಲಿನಲ್ಲಿದ್ದಾನೆ. ಹೊಲದ ಬದುವಿನ ಜಗಳದಲ್ಲಿ ಸಲಿಕೆಯ ಕಾವಿನಿಂದ ಪಕ್ಕದ ಹೊಲದವನ ತಲೆಗೆ ಹೊಡೆದ. ಎಂಟನೆಯ ದಿನ ಆ ಮನುಷ್ಯ ತೀರಿಕೊಂಡ. ಏಳು ವರ್ಷ ಶಿಕ್ಷೆಯಾಯಿತು. ತಪ್ಪು ಮಾಡಿದವನಿಗೆ ಶಿಕ್ಷೆಯಾದದ್ದು ಸರಿ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಆಗಲೇ ಅವನ ತಂಗಿಗೆ ರಾಮದುರ್ಗದ ಗಂಡು ಗೊತ್ತಾಗುತ್ತಿತ್ತು. ಅಣ್ಣ ಜೈಲಿನಲ್ಲಿದ್ದಾನೆ ಎಂದರೆ ಯಾವ ಬೀಗರು ಹೆಣ್ಣು ತರುತ್ತಾರೆ? ಮನೆಯಲ್ಲಿ ಓದಿದವನು ನಾನೊಬ್ಬನೇ, ಹಾಗಾಗಿ ದಾರಿಯನ್ನೂ ನಾನೇ ಹುಡುಕಿದೆ. ಶಿವಾನಂದ ಮಸ್ಕತ್ತಿಗೆ ಹೋಗಿದ್ದಾನೆ ಎಂದು ಹೇಳಿಬಿಟ್ಟೆ. ನಮ್ಮ ಕಡೆ ಇದು ಹೊಸದೂ ಅಲ್ಲ. ಒಳಗೆ ಹೋದವರೆಲ್ಲ ಗೋವಾದಲ್ಲೋ ಪುಣೆಯಲ್ಲೋ 'ಇರುತ್ತಾರೆ'. ನಾನು ವಿದ್ಯಾವಂತನಾದ್ದರಿಂದ ಸಮುದ್ರ ದಾಟಿಸಿದೆ ಅಷ್ಟೆ.

ಸುಳ್ಳು ಒಮ್ಮೆ ಹೇಳಿದರೆ ಮುಗಿಯುವುದಿಲ್ಲ, ಅದಕ್ಕೂ ಹೊಟ್ಟೆಗೆ ಹಾಕಬೇಕು. ಮಸ್ಕತ್ತಿನ ಬಿಸಿಲು ಎಷ್ಟು, ಖರ್ಜೂರ ಹೇಗಿದೆ, ಶುಕ್ರವಾರ ಸೂಟಿ ಇರುತ್ತದೋ ಇಲ್ಲವೋ, ಎಲ್ಲವನ್ನೂ ಓದಿಕೊಂಡು ಹೇಳುತ್ತಿದ್ದೆ. ಯರಗಟ್ಟಿಯಲ್ಲಿ ಕಾಳುಕಡಿ ದಲಾಲಿ ಮಾಡುವ ಅಡತಿ ಅಂಗಡಿಯ ಗುರಪ್ಪನವರಂತೂ ತಮ್ಮ ಅಳಿಯನ ಪಾಸ್‌ಪೋರ್ಟಿನ ಜೆರಾಕ್ಸ್ ಕೊಟ್ಟು, "ನಿಮ್ಮ ತಮ್ಮಗ ಹೇಳಿ ಅಲ್ಲೇ ಎಲ್ಲ್ಯಾರ ಹಚ್ಚಕೊಡ್ರಿ" ಎಂದಿದ್ದರು. ಅದು ಮೂರು ವರ್ಷಗಳಿಂದ ನನ್ನ ಮೇಜಿನ ಖಾನೆಯಲ್ಲಿದೆ.

ಶಿವಾನಂದನ ತಾಯಿ, ನನ್ನ ಚಿಗವ್ವ, ಯರಗಟ್ಟಿ ಹತ್ತಿರದ ಹಳ್ಳಿಯಲ್ಲಿದ್ದಾಳೆ. ಜೈಲಿಗೆ ಹೋಗಬೇಡ, ಬಸ್ಸಿನಲ್ಲಿ ಯಾರಾದರೂ ನೋಡುತ್ತಾರೆ, ನಾನೇ ಹೋಗಿ ಬರುತ್ತಿರುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಮೊದಲ ವರ್ಷ ಎರಡು ಸಲ ಹೋದೆ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ಉಪನ್ಯಾಸ. ಜೈಲಿನಿಂದ ಫೋನು ಬಂದಾಗ ಪ್ರತಿ ಸಲ ನಾನು ತರಗತಿಯಲ್ಲಿರುತ್ತಿದ್ದೆ, ರಜೆಯ ದಿನ ಬಂದರೂ ತರಗತಿಯಲ್ಲಿರುತ್ತಿದ್ದೆ. ಆದರೆ ಚಿಗವ್ವ ತಿಂಗಳಿಗೊಮ್ಮೆ ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುವುದನ್ನು ನಿಲ್ಲಿಸಲಿಲ್ಲ. ಆ ಗಂಟು ನನ್ನ ಮನೆವರೆಗೆ ಬಂದು ಅಲ್ಲೇ ಮುಗಿಯುತ್ತಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನಾನು ರೊಟ್ಟಿಯನ್ನೂ ತಿಂದೆ.

ಫಿನ್‌ಲ್ಯಾಂಡಿಗೆ ಹೊರಟ ವಾರವೂ ಗಂಟು ಬಂತು. ಪರದೇಶದಲ್ಲಿ ಊಟ ಹೇಗೋ ಏನೋ ಎಂದು ಚೀಲಕ್ಕೆ ಹಾಕಿಕೊಂಡೆ.

ಹೆಲ್ಸಿಂಕಿ

ಫಿನ್‌ಲ್ಯಾಂಡಿನ ಜನ ಮಾತಾಡುವುದಿಲ್ಲ. ಇದನ್ನು ಯಾರೋ ಮೊದಲೇ ಹೇಳಿದ್ದರು, ನಾನು ನಂಬಿರಲಿಲ್ಲ. ಬಸ್ಸಿಗೆ ಕಾಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎರಡು ಎತ್ತು ಕಟ್ಟುವಷ್ಟು ಜಾಗ ಬಿಟ್ಟು ನಿಲ್ಲುತ್ತಾರೆ. ಸಣಮನಿ ಸಾಹೇಬರು ಅಭ್ಯಾಸದಂತೆ ಒಬ್ಬ ಮುದುಕನ ಮಗ್ಗುಲಿಗೆ ಹೋಗಿ ನಿಂತರು. ಅವನು ಒಂದು ಹೆಜ್ಜೆ ಸರಿದ. ಇವರೂ ಸರಿದರು. ಹೀಗೆ ಸರಿದು ಸರಿದು ಇಬ್ಬರೂ ಬಸ್ ನಿಲ್ದಾಣ ಬಿಟ್ಟು ಬೇಕರಿಯೊಂದರ ಮುಂದೆ ನಿಂತಿದ್ದರು. ಬಸ್ಸು ಹೋಯಿತು.

"ಏನ ಮಂದಿರಿ ಇವರು! ಯಾವ ಊರಾವ್ರು ಅಂತ ಕೇಳೂದಿಲ್ಲ, ಎಷ್ಟ ಮಕ್ಕಳು ಅಂತ ಕೇಳೂದಿಲ್ಲ" ಎಂದು ಸಾಹೇಬರು ಗೊಣಗಿದರು.

ನನಗೋ ಅದೇ ಸ್ವರ್ಗ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಸಂಬಳ, ಸಕ್ಕರೆ ಕಾಯಿಲೆ, ತಮ್ಮನ ಸುದ್ದಿ ಮೂರೂ ಹೊರಬೀಳುತ್ತವೆ. ಇಲ್ಲಿ ಮೂರು ದಿನಗಳಿಂದ ಯಾರೂ ಮಸ್ಕತ್ತಿನ ಬಿಸಿಲು ಕೇಳಿರಲಿಲ್ಲ. ಸಂಕೋಚದ ಜನ ಎಷ್ಟು ಒಳ್ಳೆಯವರು ಎಂದು ದಿನಚರಿಯಲ್ಲಿ ಬರೆದುಕೊಂಡೆ.

ಅವರ ಅಂಗಡಿಗಳಲ್ಲಿ ಒಣಗಿಸಿದ ಕಪ್ಪು ರೊಟ್ಟಿ ಸಿಗುತ್ತದೆ. ಕಡಿದರೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು ಸಪ್ಪಳ. ಸಾಹೇಬರಿಗೆ ಬಹಳ ಸಂತೋಷವಾಯಿತು, ಆದರೆ ಬೆಣ್ಣೆ ಹಚ್ಚಿ ತಿನ್ನಿ ಎಂದಾಗ ಮುಖ ಕಿವುಚಿದರು. ನಾನು ಚೀಲದಿಂದ ಗಂಟು ತೆಗೆದೆ. ಶೇಂಗಾ ಚಟ್ನಿ ಹಾಕಿಕೊಂಡು ಎರಡು ರೊಟ್ಟಿ ಮುಗಿಸಿದ ಮೇಲೆ ಅವರು ಕೇಳಿದರು:

"ಯಾರ ಮಾಡ್ಯಾರ್ರಿ ಇವನ್ನ? ಎಳ್ಳ ಹಚ್ಚಿ ಎಷ್ಟ ತೆಳ್ಳಗ ಬಡದಾರ!"

"ನಮ್ಮ ಚಿಗವ್ವ ಮಾಡ್ಯಾಳ್ರಿ."

"ಹೌದಾ" ಎಂದು ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಮಗನ ಸಲುವಾಗಿ ಮಾಡಿದಂಗ ಅದಾವ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿ ನಾನಲ್ಲ, ಆದ್ದರಿಂದ ನೀರು ಕುಡಿದು ಹವಾಮಾನದ ಮಾತೆತ್ತಿದೆ.

ಹಿಡಿಕೆಯಿಲ್ಲದ ಬಾಗಿಲು

ನಾವು ನೋಡಬೇಕಾಗಿದ್ದ ಜೈಲು ಹೆಲ್ಸಿಂಕಿಯಿಂದ ಎರಡು ತಾಸಿನ ರೈಲು ಹಾದಿಯ ಊರಲ್ಲಿತ್ತು. ನಮಗೆ ತೋರಿಸಲು ನಿಂತಿದ್ದವಳು ಪೈವಿ ಎಂಬ ಅಧಿಕಾರಿ. ಕೈದಿಗಳು ಅವಳನ್ನು ಪೈವಿ ಎಂದೇ ಕೂಗುತ್ತಿದ್ದರು. ಅದನ್ನು ಕೇಳಿ ಸಣಮನಿ ಸಾಹೇಬರು ನನ್ನ ತೋಳು ಹಿಡಿದು ಹಿಂದಕ್ಕೆಳೆದರು.

"ಸಾಹೇಬ್ರ ಅನ್ನೂದಿಲ್ಲ, ಎದ್ದ ನಿಂದ್ರೂದಿಲ್ಲ. ಇದೇನ ಜೇಲೋ ಬೀಗರ ಮನಿಯೋ?" ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಲ್ಲಿ ಅಡಿಗೆ ಮನೆಯಿತ್ತು, ಪಿಯಾನೋ ಇತ್ತು, ಬಡಗಿ ಕೆಲಸದ ಶಾಲೆ ಇತ್ತು. ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬನೇ. ನಿನ್ನೆ ನಿದ್ದೆ ಹೇಗೆ ಬಂತು ಎಂದು ಕೇಳಲು ಪ್ರತಿ ಕೈದಿಗೂ ಒಬ್ಬ ಅಧಿಕಾರಿ ಗೊತ್ತಾಗಿರುತ್ತಾರೆ ಎಂದು ಪೈವಿ ವಿವರಿಸಿದಳು. ಸಾಹೇಬರು ಗಡ್ಡ ಕೆರೆದುಕೊಂಡರು.

"ನಮ್ಮಲ್ಲಿ ನೂರು ಮಂದಿ ಹಿಡಿಯೂದ್ರಾಗ ಇನ್ನೂರ ಮಂದಿ ಇರತಿದ್ರು. ನನಗ ನಿದ್ದಿ ಇರಲಿಲ್ಲ, ಅವರ ನಿದ್ದಿ ಏನ ಕೇಳಲಿರಿ?" ಎಂದರು. ಇದನ್ನು ನಾನು ಇಂಗ್ಲಿಷಿಗೆ ತಿರುಗಿಸುವಾಗ 'ನಮ್ಮ ದೇಶದಲ್ಲಿಯೂ ಈ ಬಗ್ಗೆ ಗಂಭೀರ ಚಿಂತನೆ ನಡೆದಿದೆ' ಎಂದು ಹೇಳಿದೆ.

ಆಮೇಲೆ ಕುಟುಂಬದವರು ಬಂದು ಕೈದಿಯೊಡನೆ ಕೂರುವ ಕೋಣೆಯ ಕಡೆ ಹೋದೆವು. ಸೋಫಾ, ಕಾಫಿ ಕಾಸುವ ಯಂತ್ರ, ಮಕ್ಕಳ ಆಟಿಕೆ, ಕಿಟಕಿಯ ಆಚೆ ಕೆರೆ. ಪೈವಿಗೂ ಸಾಹೇಬರಿಗೂ ಹೊರಗೆ ಬೀಗದ ಕೈಗಳ ಬಗ್ಗೆ ಏನೋ ಮಾತು ನಡೆದಿತ್ತು. ಭಾಷೆ ಬರದಿದ್ದರೂ ಬೀಗದ ವಿಷಯದಲ್ಲಿ ಇಬ್ಬರಿಗೂ ಚೆನ್ನಾಗಿ ಹೊಂದಿತ್ತು. ನಾನು ಒಬ್ಬನೇ ಒಳಗೆ ಹೋಗಿ ಕೆರೆಯ ಫೋಟೋ ತೆಗೆಯಬೇಕೆಂದು ಕಿಸೆ ಮುಟ್ಟಿದೆ. ಮೊಬೈಲನ್ನು ಗೇಟಿನಲ್ಲೇ ಇಸಿದುಕೊಂಡಿದ್ದರು. ಅಷ್ಟರಲ್ಲಿ ಹಿಂದೆ ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ತಿರುಗಿ ನೋಡಿದರೆ ಒಳಗಡೆ ಹಿಡಿಕೆಯೇ ಇರಲಿಲ್ಲ.

ಮೊದಲ ಎರಡು ನಿಮಿಷ ನಾನು ಗಂಭೀರವಾಗಿ ಸೋಫಾದ ಮೇಲೆ ಕೂತೆ. ಮೂರನೆಯ ನಿಮಿಷಕ್ಕೆ ಬಾಗಿಲು ತಟ್ಟಿದೆ. ಗೋಡೆಯಲ್ಲಿ ಎರಡು ಗುಂಡಿಗಳಿದ್ದವು, ಅವರ ಭಾಷೆಯಲ್ಲಿ ಏನೋ ಬರೆದಿತ್ತು. ಒಂದನ್ನು ಒತ್ತಿದರೆ ದೀಪ ಆರಿತು. ಇನ್ನೊಂದನ್ನು ಒತ್ತಿದರೆ ಇಡೀ ಜೈಲು ಭೋಂಗಾ ಊದಬಹುದು ಎಂದು ಹೆದರಿ ಒತ್ತಲಿಲ್ಲ. ಐದನೆಯ ನಿಮಿಷಕ್ಕೆ ಮೈ ಬೆವರಿತು. 'ಏಕಾಂತದ ಸದುಪಯೋಗ' ಉಪನ್ಯಾಸದ ಮೊದಲ ಅಂಶ ದೀರ್ಘ ಉಸಿರಾಟ. ನನಗೆ ಗಿಡ್ಡ ಉಸಿರಾಟವೂ ಬರುತ್ತಿರಲಿಲ್ಲ. ಎರಡನೆಯ ಅಂಶ ಕಣ್ಣು ಮುಚ್ಚಿ ಹಸಿರು ಬಯಲನ್ನು ನೆನೆಯುವುದು. ಕಣ್ಣು ಮುಚ್ಚಿದರೆ ಹಿಡಿಕೆಯಿಲ್ಲದ ಬಾಗಿಲೇ ಕಾಣುತ್ತಿತ್ತು. ಎರಡೂ ಮುಷ್ಟಿಯಿಂದ ಗುದ್ದಿ, "ಯಾರರೆ ಅದೀರೇನ್ರಿ? ಬಾಗಲಾ ತಗೀರಿ!" ಎಂದು ಅಚ್ಚ ಬೈಲಹೊಂಗಲದ ಕನ್ನಡದಲ್ಲಿ ಕೂಗಿದೆ.

ಹೊರಗಿನಿಂದ ಒಬ್ಬ ಗಂಡಸಿನ ದನಿ ಇಂಗ್ಲಿಷಿನಲ್ಲಿ ಬಂತು. ನೆಲ ಒರೆಸುತ್ತಿದ್ದ ಕೈದಿ. ಹೆಸರು ಯುಕ್ಕ. ಅವನ ಇಂಗ್ಲಿಷೂ ನನ್ನದರಷ್ಟೇ ಹರಕು.

"ನನ್ನ ಹತ್ತಿರ ಕೀಲಿ ಇಲ್ಲ" ಎಂದ. "ಕೂತ್ಕೋ. ಯಾರಾದರೂ ಬರುತ್ತಾರೆ."

"ಯಾರು? ಯಾವಾಗ?"

"ಯಾರಾದರೂ. ಬರುತ್ತಾರೆ ಎಂದು ಗೊತ್ತಿದ್ದರೆ ಕೂರಲು ಆಗುತ್ತದೆ."

ನನ್ನ ಇಪ್ಪತ್ತೆರಡು ವರ್ಷದ ಪಾಠಕ್ಕಿಂತ ಅದು ಕೆಲಸ ಮಾಡಿತು. ಬಾಗಿಲಿಗೆ ಬೆನ್ನು ಹಚ್ಚಿ ನೆಲದ ಮೇಲೆ ಕೂತೆ. ಅವನೂ ಆಚೆ ಕೂತಂತೆ ಸಪ್ಪಳವಾಯಿತು. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ, ನಾನು ಬಂದ ಕೆಲಸ ನೆನಪಾಗಿ, ಇಲ್ಲಿ ನಿನ್ನ ಮನಸ್ಸಿಗೆ ಯಾವುದರಿಂದ ಹೆಚ್ಚು ನೆಮ್ಮದಿ, ಪಿಯಾನೋದಿಂದಲೋ ಬಡಗಿ ಕೆಲಸದಿಂದಲೋ ಎಂದು ಕೇಳಿದೆ. ಮುಚ್ಚಿದ ಬಾಗಿಲ ಸಂದಿಯಲ್ಲೂ ಪ್ರಶ್ನಾವಳಿ!

"ಪಿಯಾನೋ ನನಗೆ ಬಾರಿಸಲು ಬರುವುದಿಲ್ಲ" ಎಂದ ಅವನು. "ಎರಡು ವಾರಕ್ಕೊಮ್ಮೆ ಶನಿವಾರ ಅವ್ವ ಬರುತ್ತಾಳೆ. ಐದು ತಾಸು ಬಸ್ಸಿನಲ್ಲಿ. ನೀನು ಕೂತಿರುವ ಕೋಣೆಯಲ್ಲೇ ಕೂರುತ್ತೇವೆ. ಅವಳಿಗಾಗಿ ನಾನೇ ಏಲಕ್ಕಿ ಹಾಕಿದ ಬನ್ನು ಮಾಡುತ್ತೇನೆ. ಅವಳು ಬೆಕ್ಕಿನ ಸುದ್ದಿ ಹೇಳುತ್ತಾಳೆ, ಹೋಗುತ್ತಾಳೆ. ವಿಶೇಷ ಏನೂ ಮಾತಾಡುವುದಿಲ್ಲ. ಆದರೆ ಬರುತ್ತಾಳೆ." ಆಮೇಲೆ ಕೇಳಿದ, "ನಿಮ್ಮ ದೇಶದಲ್ಲಿ ಯಾರು ಬರುತ್ತಾರೆ?"

ನನ್ನೊಳಗಿನ ಉಪನ್ಯಾಸಕ ಎದ್ದು ನಿಂತ. ಭಾರತದಲ್ಲಿ ಕುಟುಂಬವೇ ಬಲ, ನಾವು ನಿಮ್ಮಂತೆ ಒಂಟಿ ಜನ ಅಲ್ಲ, ಒಬ್ಬ ಒಳಗೆ ಹೋದರೆ ಇಡೀ ಮನೆಯೇ ಅವನ ಬೆನ್ನಿಗಿರುತ್ತದೆ ಎಂದೆ.

"ಒಳ್ಳೆಯದು" ಎಂದ ಯುಕ್ಕ. "ನಿನ್ನ ಮನೆಯವರು ಯಾರಾದರೂ ಒಳಗಿದ್ದಾರಾ?"

ಅಲ್ಲಿ ಬೈಲಹೊಂಗಲದವರು ಯಾರಿದ್ದರು? ರಾಮದುರ್ಗದ ಬೀಗರು ಕೇಳಿಸಿಕೊಳ್ಳುತ್ತಿದ್ದರೇ? ಕೊಲೆ ಮಾಡಿದವನೋ ಕಳವು ಮಾಡಿದವನೋ ಒಬ್ಬ ಮನುಷ್ಯ, ನನ್ನ ಮುಖವನ್ನೇ ನೋಡದವನು, ಬಾಗಿಲ ಆಚೆ ಕೂತು ಕೇಳುತ್ತಿದ್ದ. ಹೌದು ಎಂದಿದ್ದರೆ ಏನೂ ಮುಳುಗುತ್ತಿರಲಿಲ್ಲ.

"ಇಲ್ಲ" ಎಂದೆ. "ಒಬ್ಬ ತಮ್ಮ ಇದ್ದಾನೆ. ಮಸ್ಕತ್ತಿನಲ್ಲಿ ಕೆಲಸ."

ಆಗಲೇ ಬೀಗ ತಿರುಗಿತು. ಬಾಗಿಲು ತೆರೆದಾಗ ಪೈವಿ ಕ್ಷಮೆ ಕೇಳುತ್ತಿದ್ದಳು. ಅವಳ ಹಿಂದೆ ನಿಂತಿದ್ದ ಸಣಮನಿ ಸಾಹೇಬರು ಮಾತ್ರ, ಬ್ರದರ್, ಮಸ್ಕತ್ ಎಂಬ ಎರಡು ಮಾತು ಕಿವಿಗೆ ಬಿದ್ದವರಂತೆ, ನನ್ನನ್ನು ನೋಡುತ್ತಿದ್ದರು.

ಉಗಿಕೋಣೆ

ಆ ದೇಶದಲ್ಲಿ ಅತಿಥಿಗಳಿಗೆ ಮಾಡುವ ದೊಡ್ಡ ಮರ್ಯಾದೆ ಎಂದರೆ ಉಗಿಸ್ನಾನ. ಕಟ್ಟಿಗೆಯ ಕೋಣೆ, ಕೆಂಡದಂತೆ ಕಾದ ಕಲ್ಲುಗಳು, ಅವುಗಳ ಮೇಲೆ ನೀರು ಚೆಲ್ಲಿದರೆ ಉಗಿ. ಮರುದಿನ ಮಧ್ಯಾಹ್ನ ನಮ್ಮ ವಸತಿಯ ಮಾಲೀಕ ನಮ್ಮಿಬ್ಬರಿಗೆ ಒಂದೊಂದು ಟವೆಲು ಕೊಟ್ಟು ಒಳಗೆ ಬಿಟ್ಟ. ಮೈಮೇಲೆ ಲೋಹದ್ದೇನೂ ಇರಬಾರದು ಎಂದು ಕೈಸನ್ನೆ ಮಾಡಿ ಹೇಳಿದ್ದ. ಉಂಗುರ, ಗಡಿಯಾರ ತೆಗೆದಿಟ್ಟೆವು. ಆದರೆ ಸಾಹೇಬರ ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಅದು ಲೋಹದ ಲೆಕ್ಕಕ್ಕೆ ಬರುತ್ತದೆ ಎಂದು ಹುಟ್ಟಿದಾಗಿನಿಂದ ಅವರಿಗೆ ಅನಿಸಿರಲಿಲ್ಲ. ನನ್ನ ಕೊರಳಲ್ಲೂ ಅಷ್ಟೆ.

ಉಗಿ ಏರಿತು. ಸಾಹೇಬರು "ಹಾ, ಛಲೋ ಐತಿ" ಎಂದರು. ಮರುಗಳಿಗೆ "ಅಯ್ಯಯ್ಯಪ್ಪೋ" ಎಂದು ಎರಡೂ ಕೈಯಿಂದ ಕರಡಿಗೆಯನ್ನು ಎದೆಯಿಂದ ಎತ್ತಿ ಹಿಡಿದು ಕುಣಿಯತೊಡಗಿದರು. ನಾನೂ ಕುಣಿದೆ. ತೆಗೆದಿಡಿ ಎಂದು ಮಾಲೀಕ ಬಾಗಿಲಲ್ಲಿ ನಿಂತು ಕೂಗುತ್ತಾನೆ. ಮೈಯಿಂದ ಅಗಲಿಸಬಾರದು ಎಂದು ಸಾಹೇಬರು ಕನ್ನಡದಲ್ಲಿ ಕೂಗುತ್ತಾರೆ. ಕೊನೆಗೆ ಅವನು ತಣ್ಣೀರಿನಲ್ಲಿ ಅದ್ದಿದ ಅರಿವೆ ತಂದು ಕೊಟ್ಟ. ಅದರಲ್ಲಿ ಸುತ್ತಿಕೊಂಡು, ಉಗಿ ಕಡಿಮೆ ಇರುವ ಕೆಳಗಿನ ಹಲಗೆಯ ಮೇಲೆ, ಬಾಲವಾಡಿಯ ಮಕ್ಕಳಂತೆ ಇಬ್ಬರೂ ಕೂತೆವು.

"ಸರ" ಎಂದರು ಸಾಹೇಬರು, ಎದೆ ಒರೆಸಿಕೊಳ್ಳುತ್ತ. "ಒಂದ ಮಾತ ಕೇಳತೇನಿ. ನಿಮ್ಮ ತಮ್ಮ ಮಸ್ಕತ್ತಿನ್ಯಾಗ ಯಾವ ಬ್ಯಾರಕ್ಕಿನ್ಯಾಗ ಅದಾನ್ರಿ ಈಗ? ಮೂರನೇದ್ದರಾಗೋ, ನಾಕನೇದ್ದರಾಗೋ?"

ನಾನು ಕಲ್ಲುಗಳನ್ನು ನೋಡುತ್ತ ಕೂತೆ.

"ಆ ಮಸ್ಕತ್ತಿನ್ಯಾಗ ನಾ ಎರಡ ವರ್ಷ ಜೇಲರ ಇದ್ನಿರಿ. ನಿಮ್ಮದೂ ಅವಂದೂ ಅಡ್ಡಹೆಸರ ಒಂದ. ಮಾರಿನೂ ಒಂದ."

"ಮತ್ತ ಯಾಕ ಹೇಳಲಿಲ್ರಿ?"

"ಏನ ಹೇಳ್ಲಿ? ನಿಮ್ಮ ತಮ್ಮ ಜೇಲಿನ್ಯಾಗ ಅದಾನ ಅಂತ ನಿಮಗ ಹೇಳ್ಲ್ಯಾ?" ಅವರ ದನಿಯಲ್ಲಿದ್ದ ತಮಾಷೆ ಹೋಗಿತ್ತು. "ಭೇಟಿ ದಿವಸ ಮುಂಜಾನೆ ಎದ್ದ ಗಡ್ಡಾ ಮಾಡಕೋತಿದ್ದ. ಒಗದ ಅಂಗಿ ಹಾಕ್ಕೊಂಡು ವಾರ್ಡಿನ ಬಾಗಲದಾಗ ಕುಂಡ್ರತಿದ್ದ. ಹೆಸರ ಕೂಗ್ತಾರು ಅಂತ. ಕೂಗತಿರಲಿಲ್ಲ. ಸಂಜಿಕ ಅಂಗಿ ಮಡಚಿ ಇಡತಿದ್ದ. ಒಂದ ವರ್ಷ ಹಿಂಗ ಮಾಡಿದ. ಆಮ್ಯಾಲ ಗಡ್ಡಾ ಬಿಟ್ಟ. ಮಾತೂ ಬಿಟ್ಟ. ಊಟಕ್ಕ ಎಬ್ಬಿಸಿದ್ರ ಏಳತಿದ್ದ, ಇಲ್ಲಂದ್ರ ಇಲ್ಲ."

ನಾನು ಒದ್ದೆ ಅರಿವೆಯನ್ನು ಬಿಚ್ಚಿ ಮತ್ತೆ ಸುತ್ತಿಕೊಂಡೆ.

"ಯಾಕಲೇ ಯಾರೂ ಬರೂದಿಲ್ಲ ನಿಮ್ಮ ಮನ್ಯಾವ್ರು ಅಂತ ಒಮ್ಮೆ ಕೇಳಿದ್ನಿ. ಏನಂದ ಗೊತ್ತೈತೇನ್ರಿ? ನಮ್ಮ ಅಣ್ಣ ಫಾರಿನ್ನಿನ್ಯಾಗ ಅದಾನ್ರಿ ಸಾಹೇಬ್ರ, ಭಾಳ ದೊಡ್ಡ ಮನಶ್ಯಾ, ಊರಿಗೆ ಬಂದ ಕೂಡ್ಲೆ ಬರತಾನ ಅಂದ. ಬ್ಯಾರಕ್ಕಿನ್ಯಾಗ ಎಲ್ಲಾರಿಗೂ ಹಂಗ ಹೇಳ್ಯಾನ."

ಮಾಲೀಕ ಕಲ್ಲಿನ ಮೇಲೆ ಇನ್ನೊಂದು ತಂಬಿಗೆ ನೀರು ಚೆಲ್ಲಿದ. ಉಗಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ, ಅದು ಒಳ್ಳೆಯದೇ ಆಯಿತು. ನನಗೆ ಅಳು ಬಂದಿತ್ತು. ನಾನು ಅವನನ್ನು ಮಸ್ಕತ್ತಿಗೆ ಕಳಿಸಿದ್ದೆ, ಅವನು ನನ್ನನ್ನು ಇನ್ನೂ ದೂರ ಕಳಿಸಿ ನನ್ನ ಮರ್ಯಾದೆ ಉಳಿಸಿದ್ದ.

"ನಾನೂ ಒಂದ ಫೋನ ಮಾಡಬಹುದಿತ್ತು ನಿಮಗ" ಎಂದರು ಸಾಹೇಬರು ಉಗಿಯೊಳಗಿಂದ. "ಇನ್ನೂರ ಮಂದ್ಯಾಗ ಒಬ್ಬಾಂವ ಅಂತ ಬಿಟ್ನಿ."

ಉಳಿದ ನಾಲ್ಕು ದಿನ ನಾನು ಏನು ನೋಡಿದೆ ಎಂದು ಕೇಳಬೇಡಿ. ಗಂಟಿನಲ್ಲಿ ಉಳಿದ ರೊಟ್ಟಿಯನ್ನು ಮುಟ್ಟಲಿಲ್ಲ.

ಯರಗಟ್ಟಿ

ಊರಿಗೆ ಬಂದ ಮರುದಿನವೇ ಚಿಗವ್ವನ ಹಳ್ಳಿಗೆ ಹೋದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಪರದೇಶದ ಬಿಸ್ಕಿಟ್ಟಿನ ಡಬ್ಬಿ ಕೊಟ್ಟೆ. ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು.

"ಹೋಗೂ ಮುಂದ ಶಿವಾನಂದನ್ನ ನೋಡಿದ್ದೇನಪಾ? ಹೆಂಗ ಅದಾನ?"

"ಚಿಗವ್ವಾ, ನಾ ಹೋಗೇ ಇಲ್ಲ" ಎಂದೆ. "ಎರಡ ವರ್ಷದ ಮ್ಯಾಲ ಆತು ಹೋಗಿಲ್ಲ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ರೊಟ್ಟಿ?" ಎಂದಳು.

"ನಾವ ತಿಂದ್ವಿ."

ಅವಳು ಹಿಟ್ಟಿನ ಕೈಯನ್ನೇ ನೋಡುತ್ತ ಹೇಳಿದಳು. "ಎಳ್ಳ ಹಚ್ಚಿದ್ದೆ. ಅಂವಗ ಎಳ್ಳ ಹಚ್ಚಿದ್ವ ಸೇರತಾವು."

ಅಷ್ಟೇ. ಮತ್ತೆ ರೊಟ್ಟಿ ಬಡಿಯತೊಡಗಿದಳು. ನಾನು ಶನಿವಾರ ಹೋಗೋಣ, ನೀನೂ ಬಾ ಎಂದೆ. ಯಾರಾದರೂ ನೋಡಿದರೆ ಎಂದು ಅವಳು ಕೇಳಲಿಲ್ಲ.

ಶನಿವಾರ ಯರಗಟ್ಟಿಯಲ್ಲಿ ಬಸ್ಸಿಗೆ ನಿಂತಾಗ, ಅಪಶಕುನದಂತೆ, ಅಡತಿ ಅಂಗಡಿಯ ಗುರಪ್ಪನವರು ಎದುರಾದರು.

"ಏನ್ರಿ ಸರ, ಫಾರಿನ್ನಿಗೆ ಹೋಗಿದ್ರಂತ! ಹಂಗ ಮಸ್ಕತ್ತಿಗೂ ಹೋಗಿ ತಮ್ಮನ್ನ ನೋಡಿ ಬಂದ್ರೇನ? ಮತ್ತ ಈಗ ಇಬ್ಬರೂ ಕೂಡಿ ಎಲ್ಲಿಗೆ ಹೊಂಟ್ರಿ?"

ನನ್ನ ನಾಲಿಗೆ ಅಭ್ಯಾಸಬಲದಿಂದ ಏನೋ ಕಟ್ಟಲು ಶುರುಮಾಡಿತ್ತು. ಚಿಗವ್ವ ಸೆರಗು ಸರಿಮಾಡಿಕೊಂಡು, ಜೋಳದ ಚೀಲ ಇಳಿಸುತ್ತಿದ್ದ ಹಮಾಲರಿಗೂ ಕೇಳುವಂತೆ ಹೇಳಿದಳು:

"ಮಗನ್ನ ನೋಡಾಕ ಹೊಂಟೇನ್ರಿ. ಜೇಲಿನ್ಯಾಗ ಅದಾನ. ಬದುವಿನ ಜಗಳದಾಗ ಹೊಡದು ಮನಶ್ಯಾನ ಜೀವಾ ತಗದ. ಏಳ ವರ್ಷ ಹಾಕ್ಯಾರ."

ಭೂಮಿ ಬಾಯಿ ಬಿಡಲಿಲ್ಲ. ಹಮಾಲರು ಚೀಲ ಇಳಿಸುತ್ತಲೇ ಇದ್ದರು. ಗುರಪ್ಪನವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಅದ ಎಲ್ಲಾರಿಗೂ ಗೊತ್ತಿದ್ದದ್ದ ಐತಿ ಬಿಡವಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾದ್ರ ಸರ, ನಮ್ಮ ಅಳಿಯನ ಪಾಸ್‌ಪೋರ್ಟ್ ಜೆರಾಕ್ಸ್ ತಿರುಗಿ ಕೊಟ್ಟಬಿಡ್ರಿ. ನೀವ ಯಾವಾಗ ಖರೇ ಹೇಳತೀರಿ ನೋಡೂನು ಅಂತ ಕೊಟ್ಟಿದ್ನಿ" ಎಂದರು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, "ಚಿಗವ್ವಾ, ರಾಮದುರ್ಗದಾವ್ರಿಗೆ ಗೊತ್ತಾದ್ರ?"

"ಅವರಿಗೆ ಮದಿವಿಕಿಂತ ಮದಲ ಗೊತ್ತಿತ್ತು" ಎಂದಳು ಕಿಟಕಿಯ ಹೊರಗೆ ನೋಡುತ್ತ. "ನೀ ಖರ್ಜೂರದ ಕತಿ ಹೇಳೂ ಮುಂದ ಬೀಗತಿ ನನ್ನ ಮಾರಿ ನೋಡಿ ನಕ್ಕಳು. ಅಷ್ಟ ಜೀವಾ ತೇದ ಕತಿ ಕಟ್ಟೀ ಪಾಪ, ಬ್ಯಾಸರಾ ಮಾಡಕೋತಿ ಅಂತ ನಿನಗ ಯಾರೂ ಹೇಳಲಿಲ್ಲ. ನೀ ಹೋಗಿ ನೋಡಿ ಬರತಿ ಅಂತ ನಂಬಿ ನಾನೂ ಮನ್ಯಾಗ ಕುಂತ್ನಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ಮೂರು ತಾಲೂಕಿನ ಜನ ನನ್ನ ಮಸ್ಕತ್ತನ್ನು ಮರ್ಯಾದೆಗಾಗಿ ಕೇಳಿಸಿಕೊಂಡಿದ್ದರು. ಯಾರಿಗೂ ಉಪಯೋಗವಿಲ್ಲದ ಆ ಸುಳ್ಳಿಗೆ ಬಲಿಯಾದವನು ಒಬ್ಬನೇ, ವಾರ್ಡಿನ ಬಾಗಿಲಲ್ಲಿ ಒಗೆದ ಅಂಗಿ ತೊಟ್ಟು ಕೂತವನು.

ಮಸ್ಕತ್

ನಮ್ಮ ಭೇಟಿ ಕೋಣೆಯಲ್ಲಿ ಸೋಫಾ ಇಲ್ಲ. ಉದ್ದನೆಯ ಜಾಳಿಗೆ, ಈ ಕಡೆ ನಾವು ಮೂವತ್ತು ಜನ, ಆ ಕಡೆ ಅವರು ಹತ್ತು ಜನ, ಎಲ್ಲರೂ ಒಟ್ಟಿಗೆ ಕೂಗುವುದು. ಗೇಟಿನಲ್ಲಿ ಒಬ್ಬ ಸಿಪಾಯಿ ಚಿಗವ್ವನ ರೊಟ್ಟಿಗಳನ್ನು ಒಂದೊಂದಾಗಿ ಮುರಿದು, ಒಳಗೆ ಏನೂ ಇಲ್ಲವೆಂದು ನೋಡಿ, ಚೂರುಗಳನ್ನು ಮತ್ತೆ ಕಟ್ಟಿ ಒಳಗೆ ಕಳಿಸಿದ.

ಶಿವಾನಂದ ಬಂದ. ಎದೆಯವರೆಗೆ ಗಡ್ಡ. ಮೊದಲು ನನಗೆ ಗುರುತೇ ಹತ್ತಲಿಲ್ಲ. ಅವನು ಜಾಳಿಗೆ ಹಿಡಿದು ನಿಂತ. ನಾನು ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಹೊಂದಿಸಿಕೊಂಡಿದ್ದೆ. ಮೂವತ್ತು ಜನರ ನಡುವೆ ಕೂಗಿ ಹೇಳುವ ಮಾತುಗಳು ಅವಾಗಿರಲಿಲ್ಲ. ಚಿಗವ್ವ ಮಾತ್ರ ನಿನ್ನೆಯಷ್ಟೇ ನೋಡಿದವಳಂತೆ ಶುರುಮಾಡಿದಳು. ಎಮ್ಮೆ ಈದದ್ದು, ಹೆಣ್ಣುಗರು, ಬಾವಿಯ ಮೋಟಾರು ಸುಟ್ಟದ್ದು, ತಂಗಿಯ ಕೂಸಿಗೆ ಹಲ್ಲು ಬಂದದ್ದು. ವಿಶೇಷ ಏನೂ ಇಲ್ಲ. ಅವನು ಒಂದೊಂದಕ್ಕೂ ತಲೆಯಾಡಿಸುತ್ತ ಕೇಳಿದ. ಎಮ್ಮೆಯ ಮಾತಿಗೆ ಅವನ ತುಟಿ ಸ್ವಲ್ಪ ಅಲುಗಿತು.

ಹೊತ್ತು ಮುಗಿಯುತ್ತ ಬಂದಾಗ ಅವನು ಪಕ್ಕದಲ್ಲಿ ನಿಂತ ಕೈದಿಯ ಹೆಗಲು ಮುಟ್ಟಿದ. ತಿಂಗಳುಗಟ್ಟಲೆ ಬಳಸದ ದನಿ, ಗೊಗ್ಗರಾಗಿತ್ತು.

"ನಮ್ಮ ಅಣ್ಣ" ಎಂದ. "ಹೇಳಿದ್ದಿಲ್ಲ? ಫಾರಿನ್ನಿಂದ ಬಂದಾನ."

ಆ ಕೈದಿ ನನಗೆ ಕೈ ಮುಗಿದ. ನಾನೂ ಮುಗಿದೆ. ಶಿವಾನಂದ ನನ್ನ ಕಡೆ ತಿರುಗಿದ.

"ಮತ್ತ ಯಾವಾಗ ಹೊಂಟಿ, ಅಣ್ಣಾ?"

"ಇನ್ನ ಎಲ್ಲಿಗೂ ಹೋಗೂದಿಲ್ಲಪಾ" ಎಂದೆ. "ಹದಿನೈದ ದಿವಸಕ್ಕ ಬರತೇನಿ. ಗಡ್ಡಾ ಮಾಡಕೊಂಡ ಕುಂಡ್ರು."

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಹಿಂದೆ ನನ್ನನ್ನು ನಂಬಿದ್ದವನು, ಈ ಸಲ ಸುಮ್ಮನೆ ನೋಡಿದ. ಗಂಟೆ ಬಾರಿಸಿದರು, ಅವನನ್ನು ಒಳಗೆ ಕರೆದುಕೊಂಡು ಹೋದರು.

ಪ್ರವಾಸದ ವರದಿ ಕೊಡಿ ಎಂದು ಸಂಸ್ಥೆಯವರು ಎರಡು ಸಲ ಕೇಳಿದ್ದಾರೆ. ಇನ್ನೂ ಬರೆದಿಲ್ಲ. ಹದಿನೈದು ದಿನಕ್ಕೆ ಸರಿಯಾಗಿ ಚಿಗವ್ವನೊಡನೆ ಅದೇ ಬಸ್ಸು ಹತ್ತಿದೆ, ಗುರಪ್ಪನವರು ನಮಗೆ ಸೀಟು ಹಿಡಿದು ಕೊಟ್ಟರು. ಹೆಸರು ಕೂಗಿದ ಕೂಡಲೇ ಶಿವಾನಂದ ಬಂದ. ಒಗೆದ ಅಂಗಿ ಹಾಕಿಕೊಂಡಿದ್ದ, ಗಡ್ಡ ಇರಲಿಲ್ಲ, ಗದ್ದದ ಮೇಲೆ ಬ್ಲೇಡು ತಾಗಿ ಸ್ವಲ್ಪ ಕೊಯ್ದಿತ್ತು.